ಅಂಕಿ ತಪ್ಪೆನಿಸಿದರೆ ಅಳತೆ ಸರಿಪಡಿಸಿ, ಅಳೆಯುವುದನ್ನೇ ಬಿಡಬೇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಭಾರತ ಸರ್ಕಾರ, ನವದೆಹಲಿ
ಪ್ರತಿ: ಮಾನ್ಯ ಆರೋಗ್ಯ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆ ಕೈಬಿಟ್ಟ ಬಗ್ಗೆ, ಜೊತೆಗೆ ಇನ್ನೂ ಕೆಲವು ಮಾತು

ಮಾನ್ಯರೇ,

ನೇರ ವಿಷಯಕ್ಕೇ ಬರುತ್ತೇನೆ. 2019–21ರಲ್ಲಿ ನಡೆದ ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎಲ್ಲರೂ ಎನ್‌ಎಫ್‌ಎಚ್‌ಎಸ್ ಅಂತಲೇ ಕರೆಯುವುದು) ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತ ಕಡಿಮೆ ಇದೆ ಎಂದಿತು. 2015–16ರ ಸುತ್ತಿನಲ್ಲಿ ಅದು ಶೇ 44.8 ಇತ್ತು. ಆರು ತಿಂಗಳು ದಾಟಿದ, ಐದು ವರ್ಷ ತುಂಬದ ಮಕ್ಕಳಲ್ಲಿ ಶೇ 60.9 ಇದ್ದದ್ದು ಶೇ 65.5ಕ್ಕೆ ಏರಿತು. ಇಡೀ ದೇಶದ್ದು ಇನ್ನೂ ಕೆಟ್ಟದಾಗಿದೆ. ಹೆಂಗಸರಲ್ಲಿ ಶೇ 57, ಮಕ್ಕಳಲ್ಲಿ ಶೇ 67.1. ಮಧ್ಯೆ 2018ರಲ್ಲಿ ನಿಮ್ಮದೇ ಸಚಿವಾಲಯ ‘ಅನೀಮಿಯಾ ಮುಕ್ತ ಭಾರತ’ ಶುರು ಮಾಡಿ, ವರ್ಷಕ್ಕೆ ಮೂರು ಪಾಯಿಂಟ್‌ನಂತೆ ಇಳಿಸುತ್ತೇವೆ ಅಂದಿತ್ತು. ಇಳಿಯಲಿಲ್ಲ, ಏರಿತು.

ಆಮೇಲೆ ಏನಾಯಿತು? 2023–24ರ ಆರನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನೇ ತೆಗೆದುಹಾಕಿದಿರಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನು ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಡೆಸುವ ಬೇರೊಂದು ಸಮೀಕ್ಷೆಯಲ್ಲಿ ತೋಳಿನ ನರದಿಂದ ರಕ್ತ ತೆಗೆದು ನೋಡುತ್ತೇವೆ ಅನ್ನುವುದು ಕೊಟ್ಟ ಕಾರಣ. ಕಾರಣ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಬೇಕಾದಷ್ಟು ನಿಜ ಇದೆ. ನನ್ನ ತಕರಾರು ಬದಲಾಯಿಸಿದ ರೀತಿಯ ಮೇಲೆ.

ನಾನು ಡಾಕ್ಟರಲ್ಲ, ಪ್ರೊಫೆಸರೂ ಅಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮನೆ ಮನೆಗೆ ಹೋಗಿ ಆರೋಗ್ಯ ಸರ್ವೆ ಮಾಡುವ ಗುತ್ತಿಗೆ ತಂಡಗಳಲ್ಲಿ ಮೊದಲು ಇನ್‌ವೆಸ್ಟಿಗೇಟರ್ ಆಗಿ, ಆಮೇಲೆ ಸೂಪರ್‌ವೈಸರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದವಳು. ದೆಹಲಿಯಲ್ಲಿ ಪುಸ್ತಕವಾಗಿ ಬಿಡುಗಡೆಯಾಗುವ ಅಂಕಿ ಯಾವ ಜಗಲಿಯ ಮೇಲೆ ಹುಟ್ಟುತ್ತದೆ ಅಂತ ನೋಡಿದ್ದೇನೆ. ಅಷ್ಟೇ ನನ್ನ ಅರ್ಹತೆ.

ಆ ಬೆರಳು ಚುಚ್ಚುವ ಕೆಲಸವನ್ನೇ ತಗೊಳ್ಳಿ. ಸ್ಪಿರಿಟ್ ಹತ್ತಿಯಲ್ಲಿ ಬೆರಳು ಒರೆಸಬೇಕು, ಅದು ಪೂರ್ತಿ ಆರಬೇಕು. ಸೂಜಿ ಚುಚ್ಚಿದ ಮೇಲೆ ಮೊದಲ ಹನಿ ಒರೆಸಿ ಬಿಸಾಕಬೇಕು. ರಕ್ತ ತಾನಾಗಿ ಉಬ್ಬಿ ಬರಬೇಕು, ಬೆರಳು ಹಿಂಡಬಾರದು. ಹಿಂಡಿದರೆ ಮಾಂಸದೊಳಗಿನ ನೀರು ಬೆರೆತು ರಕ್ತ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆ ಚಿಕ್ಕ ಪ್ಲಾಸ್ಟಿಕ್ ಕ್ಯುವೆಟ್ ಒಂದೇ ಸಲಕ್ಕೆ ತುಂಬಬೇಕು, ಒಳಗೆ ಗಾಳಿಗುಳ್ಳೆ ಕೂರಬಾರದು. ಇಷ್ಟೂ ಆದರೆ ಹೀಮೋಕ್ಯೂ ಮಷೀನು ಒಂದು ನಿಮಿಷದೊಳಗೆ ಸಂಖ್ಯೆ ಕೊಡುತ್ತದೆ.

ಈಗ ಡಿಸೆಂಬರ್ ತಿಂಗಳ ಬೆಳಗಿನ ಏಳು ಗಂಟೆ ಅಂದುಕೊಳ್ಳಿ. ಜೋಳದ ಹೊಲಕ್ಕೆ ಹೊರಟು ನಿಂತ ಹೆಂಗಸು. ಕೈ ತಣ್ಣಗಿದೆ, ಕಳೆ ಕಿತ್ತು ಕಿತ್ತು ಬೆರಳ ತುದಿ ದಡ್ಡುಗಟ್ಟಿದೆ. ಚುಚ್ಚಿದರೆ ರಕ್ತ ಬರುವುದೇ ಕಷ್ಟ. ಕೈ ಉಜ್ಜಿ ಬೆಚ್ಚಗೆ ಮಾಡಿ ಕಾಯಬೇಕು ಅಂತ ಟ್ರೈನಿಂಗ್‌ನಲ್ಲಿ ಹೇಳಿರುತ್ತಾರೆ. ಆದರೆ ಆಕೆಗೆ ಕೂಲಿ ತಪ್ಪುತ್ತದೆ, ಜೀಪಿನವನು ಹಾರ್ನ್ ಹೊಡೆಯುತ್ತಿರುತ್ತಾನೆ, ಇನ್ನೂ ಎಷ್ಟೋ ಮನೆ ಬಾಕಿ ಇರುತ್ತವೆ. ಹಿಂಡದೆ ಬಿಡುವ ಕೈ ಎಷ್ಟು? ನೀವೇ ಯೋಚನೆ ಮಾಡಿ.

ಹಾಗಾಗಿ ಬೆರಳ ರಕ್ತದ ಮೇಲೆ ವಿಜ್ಞಾನಿಗಳಿಗೆ ಅನುಮಾನ ಇರುವುದು ಸಹಜ. 2016–18ರಲ್ಲಿ ಮಕ್ಕಳ ಪೋಷಣೆಯ ಬಗ್ಗೆಯೇ ನಡೆದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯಲ್ಲಿ ನರದಿಂದ ರಕ್ತ ತೆಗೆದು ನೋಡಿದಾಗ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಸುಮಾರು ಶೇ 41 ಬಂತು. ಅದೇ ಆಸುಪಾಸಿನಲ್ಲಿ ಎನ್‌ಎಫ್‌ಎಚ್‌ಎಸ್ ಬೆರಳ ರಕ್ತದಲ್ಲಿ ಕಂಡದ್ದು ಶೇ 58.6. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಒಪ್ಪುತ್ತೇನೆ. ಆದರೂ ಇಷ್ಟು ದೊಡ್ಡ ಅಂತರ ಬರೀ ವಯಸ್ಸಿನಿಂದ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2024ರಲ್ಲಿ ನರದ ರಕ್ತವೇ ಮೇಲು ಅಂತ ಹೇಳಿದೆ.

ಹಾಗಿದ್ದರೆ ಬದಲಾಯಿಸಿದ್ದು ಸರಿಯೇ ಅಲ್ವಾ? ಸರಿ. ಆದರೆ ಹಳ್ಳಿಯಲ್ಲಿ ಸೇರಿನಿಂದ ಕಿಲೋಗೆ ಬಂದಾಗ ಒಂದು ಸೇರಿಗೆ ಎಷ್ಟು ಕಿಲೋ ಅಂತ ಮೊದಲು ತೂಗಿ ನೋಡಿಕೊಂಡರು. ಇಲ್ಲದಿದ್ದರೆ ಅಜ್ಜನ ಕಾಲದ ಬೆಳೆಯ ಲೆಕ್ಕ ಮೊಮ್ಮಗನ ಕಾಲಕ್ಕೆ ಅರ್ಥವೇ ಆಗುತ್ತಿರಲಿಲ್ಲ. ನೀವು ಆ ತೂಗಿ ನೋಡುವ ಕೆಲಸ ಬಿಟ್ಟಿರಿ. ಆರನೇ ಸುತ್ತಿನಲ್ಲಿ ಕೆಲವು ಸಾವಿರ ಜನರಿಗಾದರೂ ಬೆರಳಿನದು, ನರದ್ದು ಎರಡನ್ನೂ ಒಂದೇ ದಿನ ತೆಗೆದು ನೋಡಿದ್ದರೆ ಸಾಕಿತ್ತು. ಯಾವ ವಯಸ್ಸಿಗೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ತಿಳಿಯುತ್ತಿತ್ತು, ಹಿಂದಿನ ಸುತ್ತುಗಳನ್ನೆಲ್ಲ ಹೊಸ ಅಳತೆಗೆ ಹೊಂದಿಸಿ ಓದಬಹುದಿತ್ತು.

ಹಿಂದಿನ ಸುತ್ತುಗಳು ಅಂದರೆ ಸಣ್ಣ ಆಸ್ತಿಯೇನಲ್ಲ. ಎನ್‌ಎಫ್‌ಎಚ್‌ಎಸ್ ಶುರುವಾದದ್ದು 1992–93ರಲ್ಲಿ. ರಕ್ತ ನೋಡಲು ಶುರು ಮಾಡಿದ್ದು 1998–99ರ ಎರಡನೇ ಸುತ್ತಿನಲ್ಲಿ. ಆಗ ದೇಶದ ಹೆಂಗಸರಲ್ಲಿ ರಕ್ತಹೀನತೆ ಶೇ 52. 2005–06ರಲ್ಲಿ 55. 2015–16ರಲ್ಲಿ 53. ಆಮೇಲೆ 57. ಬೆರಳ ರಕ್ತ ಒಂದಿಷ್ಟು ಜಾಸ್ತಿಯೇ ತೋರಿಸುತ್ತದೆ ಅಂತಿಟ್ಟುಕೊಳ್ಳೋಣ. ಅದೇ ತಪ್ಪು ನಾಲ್ಕೂ ಸಲ ಇತ್ತಲ್ಲ? ಒಂದೇ ರೀತಿ ತಪ್ಪುವ ಅಳತೆಯಲ್ಲೂ ಏರಿತೋ ಇಳಿಯಿತೋ ಅನ್ನುವುದು ಕಾಣುತ್ತದೆ. ಇಪ್ಪತ್ತು ವರ್ಷ ಮಾತ್ರೆ ಹಂಚಿದರೂ ಗೆರೆ ಕದಲಿಲ್ಲ ಅನ್ನುವುದು ಅದರಿಂದ ಗೊತ್ತಾದ ಸಂಗತಿ. ಯಾಕೆ ಕದಲಲಿಲ್ಲ ಅನ್ನುವುದಕ್ಕೂ ಅದೇ ಸಮೀಕ್ಷೆಯಲ್ಲಿ ಒಂದು ಸುಳಿವಿದೆ: ಬಸುರಿಯಾಗಿದ್ದಾಗ 180 ದಿನ ಕಬ್ಬಿಣಾಂಶದ ಮಾತ್ರೆ ತಗೊಂಡವರು ದೇಶದಲ್ಲಿ ಶೇ 26 ಮಾತ್ರ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ಕಪ್ಪಾಗುತ್ತದಂತೆ ಅಂತ ಅತ್ತೆ ಹೇಳುತ್ತಾರೆ. ಸ್ಟ್ರಿಪ್ಪು ದೇವರ ಗೂಡಿನಲ್ಲಿ ಹಾಗೇ ಉಳಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನೊಂದು ಕಾರಣಕ್ಕೂ ನನಗೆ ದಿಗಿಲು. ವಿಶ್ವ ಆರೋಗ್ಯ ಸಂಸ್ಥೆ ಆ 2024ರ ಮಾರ್ಗಸೂಚಿಯಲ್ಲೇ, ಆರರಿಂದ 23 ತಿಂಗಳ ಮಕ್ಕಳಿಗೆ ರಕ್ತಹೀನತೆಯ ಗಡಿಯನ್ನು (ನೂರು ಎಂಎಲ್ ರಕ್ತದಲ್ಲಿ ಇಷ್ಟಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಅನ್ನುವ ಲೆಕ್ಕ) 11 ಗ್ರಾಂನಿಂದ 10.5ಕ್ಕೆ ಇಳಿಸಿದೆ. ಅದು ತಜ್ಞರು ಕೂತು ಮಾಡಿದ ತೀರ್ಮಾನ, ಇರಲಿ. ಆದರೆ ಲೆಕ್ಕ ನೋಡಿ. ರಕ್ತ ತೆಗೆಯುವ ವಿಧಾನ ಬದಲಾಯಿತು, ಗಡಿ ಬದಲಾಯಿತು, ಸಮೀಕ್ಷೆಯೇ ಬದಲಾಯಿತು. ಮುಂದಿನ ಸಲ ಮಕ್ಕಳ ರಕ್ತಹೀನತೆ ಇಪ್ಪತ್ತು ಪಾಯಿಂಟ್ ಇಳಿದಿದೆ ಅಂತ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಬಂದರೆ, ಅದರಲ್ಲಿ ಮಾತ್ರೆಯ ಪಾಲೆಷ್ಟು, ಮೊಟ್ಟೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು ಅಂತ ಯಾರೂ ಹೇಳಲಾರರು. ಒಳ್ಳೆಯ ಕೆಲಸ ನಿಜವಾಗಿ ಆಗಿದ್ದರೆ ಅದನ್ನೂ ಯಾರೂ ನಂಬುವುದಿಲ್ಲ. ನಿಮಗೂ ನಷ್ಟವೇ.

ನರದ ರಕ್ತ ಅಂದಕೂಡಲೇ ಎಲ್ಲ ಸಲೀಸು ಅಂತಲೂ ಅಂದುಕೊಳ್ಳಬೇಡಿ. ಬೆರಳು ಚುಚ್ಚುವಾಗಲೇ "ಯಾಕವ್ವಾ, ನಮ್ ರಕ್ತ ತಗೊಂಡ್ ಏನ್ ಮಾಡ್ತೀರಿ?" ಅಂತ ಕೇಳುವವರು, ಮೂರು ವರ್ಷದ ಮಗುವಿನ ತೋಳಿಗೆ ಸಿರಿಂಜು ಹಾಕಲು ಬಿಡುತ್ತಾರಾ? ಒಪ್ಪದೇ ಇರುವವರು ಯಾರು, ಅವರ ಮಕ್ಕಳು ಇನ್ನೂ ಸೊರಗಿದವರಾ ಅನ್ನುವುದು ಅಂಕಿಯನ್ನು ಎಳೆದಾಡುತ್ತದೆ. ತೆಗೆದ ರಕ್ತ ತಣ್ಣಗಿನ ಪೆಟ್ಟಿಗೆಯಲ್ಲಿ ಹೊತ್ತಿಗೆ ಸರಿಯಾಗಿ ಲ್ಯಾಬ್ ಸೇರಬೇಕು. ಬೆರಳಿನ ಪರೀಕ್ಷೆಯಲ್ಲಿ ಇನ್ನೊಂದು ಗುಣ ಇತ್ತು. ಸಂಖ್ಯೆ ಅಲ್ಲೇ ಕಾಣುತ್ತಿತ್ತು, ಕಾರ್ಡಿನಲ್ಲಿ ಬರೆದು ಕೈಗೆ ಕೊಡುತ್ತಿದ್ದೆವು. ಏಳಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಚೀಟಿ. ಹತ್ತಿರ ಕೂತಿದ್ದ ಗಂಡನಿಗೆ ಹೆಂಡತಿಗೆ ರಕ್ತ ಇಲ್ಲ ಅನ್ನುವುದು ಎಷ್ಟೋ ಸಲ ಆಗಲೇ ಮೊದಲು ತಿಳಿಯುತ್ತಿತ್ತು. "ಅದಕ್ಕs ಸುಸ್ತು ಸುಸ್ತು ಅಂತಾಳ್ರಿ" ಅನ್ನುತ್ತಿದ್ದರು.

ಇನ್ನೊಂದು ಅಂಕಿಯ ಬಗ್ಗೆ ಹೇಳಬೇಕು. ಇದು ನಮ್ಮ ರಾಜ್ಯದ್ದು, ಹಾಗಾಗಿ ರಾಜ್ಯದ ಸಚಿವರೂ ಕೇಳಿಸಿಕೊಳ್ಳಲಿ.

ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ 2015–16ರಲ್ಲಿ ಶೇ 20.6. ಮುಂದಿನ ಸುತ್ತಿನಲ್ಲಿ ಶೇ 44.4. ಡಬಲ್‌ಗಿಂತ ಜಾಸ್ತಿ. ಎಲ್ಲ ರಾಜ್ಯಗಳಿಗಿಂತ ಮೇಲೆ. ಅದೇ ಹೊತ್ತಿಗೆ ದೇಶದ ಅಂಕಿ ಶೇ 31.2ರಿಂದ 29.3ಕ್ಕೆ ಇಳಿದಿತ್ತು. ಕೊರೊನಾ ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಇದ್ದದ್ದಕ್ಕೆ ಹೀಗಾಯಿತು ಅನ್ನುವಂತಿಲ್ಲ. ಕರ್ನಾಟಕ ಆ ಸುತ್ತಿನ ಸಮೀಕ್ಷೆಯ ಮೊದಲ ಹಂತದಲ್ಲಿತ್ತು, ಆ ಹಂತ 2020ರ ಜನವರಿಗೇ ಮುಗಿದಿತ್ತು.

ನಾಲ್ಕು ವರ್ಷದಲ್ಲಿ ನಮ್ಮ ಗಂಡಸರು ಇದ್ದಕ್ಕಿದ್ದಂತೆ ಎರಡು ಪಟ್ಟು ಕೆಟ್ಟರಾ? ನಾನು ನಂಬುವುದಿಲ್ಲ. ಹಳೆಯ 20.6ನ್ನೂ ನಾನು ನಂಬುವುದಿಲ್ಲ. ಈ ಪ್ರಶ್ನೆಗಳನ್ನು ಕೇಳುವ ಬಗೆ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಈ ಭಾಗವನ್ನು ಆಯ್ಕೆಯಾದ ಎಲ್ಲ ಮನೆಗಳಲ್ಲಿ ಕೇಳುವುದಿಲ್ಲ, ಶೇ 15ರಷ್ಟು ಮನೆಗಳಲ್ಲಿ ಮಾತ್ರ. ಅದರಲ್ಲೂ ಮನೆಗೊಬ್ಬರನ್ನೇ. ಆಕೆ ಒಬ್ಬಳೇ ಇರಬೇಕು, ಯಾರಾದರೂ ಬಂದರೆ ಮಾತು ಬೇರೆ ಕಡೆ ತಿರುಗಿಸಬೇಕು. ತಳ್ಳಿದ್ದು ಉಂಟಾ, ಕಪಾಳಕ್ಕೆ ಹೊಡೆದದ್ದು ಉಂಟಾ, ಕೈ ತಿರುಚಿದ್ದು, ಕೂದಲು ಹಿಡಿದು ಎಳೆದದ್ದು ಉಂಟಾ ಅಂತ ಒಂದೊಂದಾಗಿ ಕೇಳಬೇಕು. ಒಂದೇ ಪಡಸಾಲೆಯ ಮನೆಯಲ್ಲಿ ಒಬ್ಬಳೇ ಸಿಗುವುದೆಲ್ಲಿ? ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಾ ಕೂತಿರುತ್ತಾರೆ. "ಅಕ್ಕಾ, ಹಿತ್ತಲಲ್ಲಿ ಕೂತು ಮಾತಾಡೋಣು ಬರ್ರಿ" ಅಂತ ಏನೋ ನೆಪ ಹೇಳಿ ಕರೆದುಕೊಂಡು ಹೋಗಿ, ಆಕೆ ಬಟ್ಟೆ ಹಿಂಡುತ್ತಾ ಹಿಂಡುತ್ತಾ ಉತ್ತರ ಹೇಳಬೇಕು.

ಆ ಜಾಣ್ಮೆ ಇರುವ ಹುಡುಗಿ ಕೇಳಿದರೆ ಉತ್ತರ ಒಂದು ಥರ. ಇಪ್ಪತ್ತೆರಡು ವರ್ಷದ, ಇನ್ನೂ ಮದುವೆಯಾಗದ, ಮೊದಲ ಸಲ ಟ್ಯಾಬ್ಲೆಟ್ ಹಿಡಿದ ಹುಡುಗಿ ತಲೆ ತಗ್ಗಿಸಿಕೊಂಡು ಗಡಿಬಿಡಿಯಲ್ಲಿ ಓದಿದರೆ ಉತ್ತರ ಇನ್ನೊಂದು ಥರ. "ಇಲ್ಲಪ್ಪಾ, ಹಂಗೇನಿಲ್ಲ" ಅಂತ ಎಲ್ಲಕ್ಕೂ ಇಲ್ಲ. ಹಾಗಾಗಿ ನನ್ನ ಅನುಮಾನ ಏನು ಅಂದರೆ, ಐದನೇ ಸುತ್ತಿನಲ್ಲಿ ಕೇಳಿದವರು ಚೆನ್ನಾಗಿ ಕೇಳಿರಬೇಕು. ಇದು ಅನುಮಾನ ಮಾತ್ರ. ಬೇಕಾದರೆ ಇದನ್ನು ಪರೀಕ್ಷಿಸಬಹುದು. ಯಾವ ಮನೆಯಲ್ಲಿ ಯಾವ ಇನ್‌ವೆಸ್ಟಿಗೇಟರ್ ಕೇಳಿದ್ದು ಅನ್ನುವ ಕೋಡ್ ಮೂಲ ಡೇಟಾದಲ್ಲಿ ಇರುತ್ತದೆ. ಒಬ್ಬೊಬ್ಬರು ಕೇಳಿದಾಗ ‘ಹೌದು’ ಎಷ್ಟು ಬಂತು ಅಂತ ನೋಡಿದರೆ, ಕೆಲವರ ಪಟ್ಟಿಯಲ್ಲಷ್ಟೇ ಅಂಕಿ ಏರಿದೆಯಾ, ಎಲ್ಲರಲ್ಲೂ ಏರಿದೆಯಾ ಅಂತ ಗೊತ್ತಾಗುತ್ತದೆ. ನಿಮ್ಮ ಸಚಿವಾಲಯದ ದುಡ್ಡಿನಲ್ಲೇ ನಡೆಯುವ ಜನಸಂಖ್ಯಾ ಸಂಶೋಧನಾ ಕೇಂದ್ರಗಳು ಕರ್ನಾಟಕದಲ್ಲಿ ಎರಡಿವೆ. ಒಂದು ಬೆಂಗಳೂರಿನ ಐಸೆಕ್‌ನಲ್ಲಿ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ಇನ್ನೊಂದು ನಮ್ಮ ಧಾರವಾಡದ ಜೆಎಸ್‌ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ. ಅವರಿಗೆ ಈ ಕೆಲಸ ಒಪ್ಪಿಸಿ, ಜೊತೆಗೆ ಬೇರೆಯದೇ ಮಾದರಿಯ ಸಣ್ಣ ಅಧ್ಯಯನ ಒಂದನ್ನು ಮಾಡಿಸಿ. ಶೇ 44.4 ನಿಜವಾದರೆ ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಸುಳ್ಳಾದರೆ ಅದನ್ನೂ ಹೇಳಿ. ಎರಡು ದಿನ ಟಿವಿಯಲ್ಲಿ ಚರ್ಚೆ ಮಾಡಿ ಸುಮ್ನೆ ಬಿಟ್ಟದ್ದು ಮಾತ್ರ ಸರಿಯಲ್ಲ.

ಅಂಕಿ ಇಷ್ಟವಾಗದಿದ್ದರೆ ‘ಗುಣಮಟ್ಟ ಸರಿಯಿಲ್ಲ’ ಅಂತ ಬದಿಗಿಡುವ ಅಭ್ಯಾಸ ಹೊಸದೇನಲ್ಲ. 2017–18ರ ಕುಟುಂಬ ಖರ್ಚಿನ ಸಮೀಕ್ಷೆಯನ್ನು ಪ್ರಕಟಿಸುವುದಿಲ್ಲ ಅಂತ 2019ರ ನವೆಂಬರ್‌ನಲ್ಲಿ ಸರ್ಕಾರವೇ ಹೇಳಿತು. ಬಯಲು ಶೌಚ ಮುಕ್ತ ಭಾರತ ಅಂತ 2019ರ ಅಕ್ಟೋಬರ್‌ನಲ್ಲಿ ಸಾರಿದ್ದಾಯಿತು, ಐದನೇ ಸುತ್ತಿನ ಎನ್‌ಎಫ್‌ಎಚ್‌ಎಸ್ ದೇಶದ ಶೇ 19ರಷ್ಟು ಮನೆಗಳಲ್ಲಿ ಶೌಚಾಲಯ ಬಳಕೆ ಇಲ್ಲ ಎಂದಿತು. 2023ರ ಜುಲೈನಲ್ಲಿ ಈ ಸಮೀಕ್ಷೆ ನಡೆಸುವ ಮುಂಬೈನ ಐಐಪಿಎಸ್ ಸಂಸ್ಥೆಯ ನಿರ್ದೇಶಕರನ್ನು ಸಚಿವಾಲಯ ಅಮಾನತು ಮಾಡಿತು. ನೇಮಕಾತಿಯಲ್ಲಿ ಅಕ್ರಮ ಅನ್ನುವುದು ಹೊರಗೆ ಬಂದ ಕಾರಣ. ಅದರ ಸರಿ ತಪ್ಪು ಬೇರೆ ಮಾತು. ಆದರೆ ಅದೇ ಹೊತ್ತಿನಲ್ಲಿ ರಕ್ತಹೀನತೆ ಬಿಟ್ಟಿರಿ, ಅಂಗವೈಕಲ್ಯದ ಪ್ರಶ್ನೆ ಬಿಟ್ಟಿರಿ. ಜನ ಎರಡಕ್ಕೆರಡು ಸೇರಿಸಿ ನೋಡುತ್ತಾರೆ, ಅದಕ್ಕೆ ಯಾರನ್ನು ದೂರುವುದು?

ಆ ವರ್ಷವೇ ಇನ್ನೊಂದು ದೂರು ಜೋರಾಗಿ ಕೇಳಿಬಂತು. ಈ ಸಮೀಕ್ಷೆಗಳೆಲ್ಲ 2011ರ ಜನಗಣತಿಯ ಪಟ್ಟಿಯಿಂದ ಊರು ಆರಿಸುತ್ತವೆ, ದೇಶ ಈಗ ಪೇಟೆಯಾಗಿದೆ, ಹಾಗಾಗಿ ಹಳ್ಳಿಯ ಬಡತನ ಜಾಸ್ತಿ ಕಾಣುತ್ತದೆ ಅಂತ. ಇರಬಹುದು. ಆದರೆ 2021ರ ಜನಗಣತಿ ನಡೆಸದೇ ಇದ್ದವರು ಯಾರು? ಈಗ 2027ರ ಮಾರ್ಚ್ 1ಕ್ಕೆ ಗಣತಿ ಅಂತ ಅಧಿಸೂಚನೆ ಬಂದಿದೆ, ಸಂತೋಷ. ಹೊಸ ಪಟ್ಟಿ ಸಿಗುವವರೆಗೆ ಹಳೆಯ ಪಟ್ಟಿಯನ್ನು ಬೈಯುವ ಹಕ್ಕು ಸರ್ಕಾರಕ್ಕಂತೂ ಇಲ್ಲ.

ಸರಿ, ಸಮೀಕ್ಷೆಯ ಗುಣಮಟ್ಟದ ಬಗ್ಗೆ ನಿಜವಾಗಿಯೂ ಕಾಳಜಿ ಇದ್ದರೆ ಎಲ್ಲಿ ನೋಡಬೇಕು ಅಂತ ನಾನು ಹೇಳುತ್ತೇನೆ.

ಒಂದು ಹಳ್ಳಿ ಆಯ್ಕೆಯಾದರೆ ಮೊದಲು ಮ್ಯಾಪಿಂಗ್ ತಂಡ ಬಂದು ಓಣಿ ಓಣಿ ಸುತ್ತಿ ಎಲ್ಲ ಮನೆಗಳ ಪಟ್ಟಿ ಮಾಡುತ್ತದೆ. ಅದರಿಂದ 22 ಮನೆ ಆರಿಸಿ ಕೊಡುತ್ತಾರೆ. ಆ 22ರಲ್ಲಿ ಒಂದು ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ. ಮತ್ತೆ ಮತ್ತೆ ಅದೇ ಮನೆಗೆ ಹೋಗಬೇಕು. ಕಬ್ಬು ಕಡಿಯಲು ಹೋದವರು, ಗುಳೆ ಹೋದವರು ಯಾವಾಗ ಬರುತ್ತಾರೋ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಸೆಕ್ಯುರಿಟಿಯೇ ಒಳಗೆ ಬಿಡುವುದಿಲ್ಲ. ಹಳ್ಳಿಯಲ್ಲಿ ಚಹಾ ಕೊಟ್ಟು ಕೂರಿಸುತ್ತಾರೆ, ಅದಾದರೂ ಸಮಾಧಾನ.

ಹೆಂಗಸಿನ ಸಂದರ್ಶನ ಅಂದರೆ ನೂರಾರು ಪ್ರಶ್ನೆ. ಐದು ವರ್ಷದೊಳಗಿನ ಮಗು ಇದ್ದರೆ ಇನ್ನೂ ಉದ್ದ. ಬಸುರಿ ತಪಾಸಣೆ, ಹೆರಿಗೆ, ಲಸಿಕೆ, ಭೇದಿ, ಎದೆಹಾಲು, ನಿನ್ನೆ ಏನು ತಿನ್ನಿಸಿದಿರಿ ಅನ್ನುವವರೆಗೆ. ಇಲ್ಲೇ ಒಂದು ಕಳ್ಳದಾರಿ ಇದೆ. ಮಗುವಿಗೆ ನಾಲ್ಕು ವರ್ಷ ಹತ್ತು ತಿಂಗಳು ಆಗಿದ್ದರೆ ಐದು ತುಂಬಿತು ಅಂತ ಬರೆದುಬಿಟ್ಟರೆ ಆ ಇಡೀ ಭಾಗ ಹಾರಿಹೋಗುತ್ತದೆ. ಇದು ಲೋಕದ ಎಲ್ಲ ಕಡೆಯ ಸರ್ವೆಗಳಲ್ಲೂ ಇರುವ ಕಾಯಿಲೆ, ಸಂಖ್ಯಾಶಾಸ್ತ್ರದವರು ಡೇಟಾದಲ್ಲಿ ಇದನ್ನು ಹಿಡಿಯುತ್ತಾರೆ. ಮಗುವಿನ ವಯಸ್ಸು ಒಂದೆರಡು ತಿಂಗಳು ಆಚೀಚೆ ಆದರೂ ಸಾಕು, ವಯಸ್ಸಿಗೆ ತಕ್ಕ ಎತ್ತರ ಇದೆಯೋ ಇಲ್ಲವೋ ಅನ್ನುವ ಲೆಕ್ಕ ತಿರುಗುತ್ತದೆ. ತಾಯಿ ಕಾರ್ಡ್ ಸಿಕ್ಕರೆ ಪುಣ್ಯ. ಸಿಗದಿದ್ದರೆ ಬನಶಂಕರಿ ಜಾತ್ರೆ ಆಗಿ ಎಷ್ಟು ದಿನಕ್ಕೆ ಹುಟ್ಟಿತು, ಕಾರಹುಣ್ಣಿವೆಗೆ ಮುಂಚೆಯೋ ಆಮೇಲೋ ಅಂತ ಕೂತು ಬಿಡಿಸಬೇಕು. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯಲು ಇಬ್ಬರು ಬೇಕು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಹಿಡಿದು ಪಾದಕ್ಕೆ ಹಲಗೆ ತಾಗಿಸಬೇಕು. ಮಗು ಕಿರುಚುತ್ತದೆ, ತಾಯಿ "ಸಾಕು ಬಿಡ್ರವ್ವಾ" ಅಂತಾಳೆ.

ಇಷ್ಟು ಕೆಲಸ ಮಾಡುವ ಹುಡುಗಿಯರು ಯಾರು? ಡಿಗ್ರಿ ಮುಗಿಸಿ ಕೆಲಸ ಸಿಗದವರು. ಕೆಲವೇ ತಿಂಗಳ ಗುತ್ತಿಗೆ. ಸಚಿವಾಲಯ ಐಐಪಿಎಸ್‌ಗೆ ಕೊಡುತ್ತದೆ, ಐಐಪಿಎಸ್ ಏಜೆನ್ಸಿಗಳಿಗೆ ಕೊಡುತ್ತದೆ, ಏಜೆನ್ಸಿ ಇವರನ್ನು ತಗೊಳ್ಳುತ್ತದೆ. ನಾನು ಕೆಲಸ ಮಾಡಿದ ಒಂದು ಏಜೆನ್ಸಿ (ಹೆಸರು ಬೇಡ) ಫೀಲ್ಡ್‌ವರ್ಕ್ ಮುಗಿದು ಎಷ್ಟೋ ತಿಂಗಳಾದರೂ ಹುಡುಗಿಯರಿಗೆ ಕೊನೆಯ ಸಂಬಳ ಕೊಟ್ಟಿರಲಿಲ್ಲ. ದಿನಕ್ಕೆ ಇಷ್ಟು ಸಂದರ್ಶನ ಆಗಲೇಬೇಕು ಅಂತ ಮಾತ್ರ ಬೆಳಿಗ್ಗೆ ಸಂಜೆ ಫೋನು. ರಾತ್ರಿ ಉಳಿಯಲು ತಾಲ್ಲೂಕು ಕೇಂದ್ರದ ಲಾಡ್ಜು, ಬೀಗ ಸರಿ ಹಾಕಿಕೊಳ್ಳದ ಬಾಗಿಲು. ಇಂಥವರ ಕೈಯಲ್ಲಿ ದೇಶದ ಆರೋಗ್ಯ ನೀತಿಯ ಲೆಕ್ಕ ಇದೆ. ಸಮೀಕ್ಷೆಯ ಗುಣಮಟ್ಟ ಹೆಚ್ಚಿಸಲು ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿ. ಟೆಂಡರ್ ಕರೆಯುವಾಗ ಕಡಿಮೆ ದರ ಹಾಕಿದವರಿಗೆ ಕೊಡುವುದನ್ನು ಬಿಡಿ. ಸಂಬಳ ನೇರ ಬ್ಯಾಂಕ್ ಖಾತೆಗೆ ಹೋಗಲಿ. ಒಂದು ಸುತ್ತಿನಲ್ಲಿ ಚೆನ್ನಾಗಿ ಕಲಿತವರನ್ನು ಮುಂದಿನ ಸುತ್ತಿಗೂ ಇಟ್ಟುಕೊಳ್ಳಿ. ಈಗ ಪ್ರತಿ ಸಲ ಹೊಸಬರಿಗೆ ಅ ಆ ಇ ಈಯಿಂದ ಶುರು.

ಜನರ ನಂಬಿಕೆಯ ಮಾತೂ ಇದೆ. ಕರ್ನಾಟಕದಲ್ಲಿ ಮನೆಗೆ ಬರುವ ಸರ್ವೆಗಳಿಗೆ ಲೆಕ್ಕವಿಲ್ಲ. ಆಶಾ ಅಕ್ಕ ಒಂದು ಪುಸ್ತಕ ಹಿಡಿದು ಬರುತ್ತಾರೆ, ಅಂಗನವಾಡಿ ಟೀಚರ್ ಮೊಬೈಲ್ ಹಿಡಿದು ಬರುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ದಸರಾ ರಜೆಯಲ್ಲಿ ಮೇಷ್ಟ್ರುಗಳು 60 ಪ್ರಶ್ನೆಗಳ ಜಾತಿ ಸಮೀಕ್ಷೆಗೆ ಬಂದರು. ಯಾರೇ ಬರಲಿ, ಜನ ಮೊದಲು ಕೇಳುವುದು ಒಂದೇ: "ರೇಶನ್ ಕಾರ್ಡ್ ತಗದ್ ಬಿಡ್ತಾರೇನ್ರಿ? ಗೃಹಲಕ್ಷ್ಮಿ ರೊಕ್ಕ ನಿಲ್ತದೇನ್ರಿ?" 2024ರಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ಗಲಾಟೆ ಆದಮೇಲಂತೂ ಆ ಭಯ ದುಪ್ಪಟ್ಟಾಗಿದೆ. ಫ್ರಿಜ್ ಮೇಲೆ ಹೊದಿಕೆ ಹೊದಿಸಿ ಟ್ರಂಕು ಅನ್ನುತ್ತಾರೆ. ಬೈಕು ಅಳಿಯನದ್ದಂತೆ. ಆರೋಗ್ಯ ಸಮೀಕ್ಷೆಯಲ್ಲಿ ಹೇಳಿದ್ದು ಯಾವ ಕಾರ್ಡಿಗೂ, ಯಾವ ಯೋಜನೆಗೂ ಹೋಗುವುದಿಲ್ಲ ಅಂತ ನಾವು ಬಾಯಲ್ಲಿ ಹೇಳುತ್ತೇವೆ. ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ನಿಮ್ಮ ಸಹಿಯೊಂದಿಗೆ ಅದನ್ನೇ ಬರೆಸಿದರೆ ಇನ್ನೂ ಚೆನ್ನ.

ಇಷ್ಟೆಲ್ಲ ಕೊಂಕು ತೆಗೆದವಳು ಈ ಸಮೀಕ್ಷೆ ಬೇಕೇ ಬೇಕು ಅನ್ನುವುದು ಯಾಕೆ? ಯಾದಗಿರಿ ಜಿಲ್ಲೆಯನ್ನು ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ ಎನ್‌ಎಫ್‌ಎಚ್‌ಎಸ್ ಜಿಲ್ಲಾವಾರು ತೋರಿಸಿತು. ರಾಜ್ಯದ ಸರಾಸರಿ ಶೇ 35.4. ಬರೀ ಸರಾಸರಿ ನೋಡಿದ್ದರೆ ಯಾದಗಿರಿ ಅದರೊಳಗೆ ಮುಚ್ಚಿಹೋಗುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರದ ಶಾಲೆಗಳಲ್ಲೂ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು, ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಅವರಿಗೇ ಸವಾಲು ಹಾಕಿದ ವಿಡಿಯೊ ಊರೆಲ್ಲ ಓಡಾಡಿತು. ಆ ಹುಡುಗಿಯ ಧೈರ್ಯ ದೊಡ್ಡದು. ಜೊತೆಗೆ ಸರ್ಕಾರದ ಕೈಯಲ್ಲಿ ಜಿಲ್ಲೆವಾರು ಅಂಕಿ ಇತ್ತು, ಅದಕ್ಕೇ ಅದು ಹಿಂದೆ ಸರಿಯಲಿಲ್ಲ. ಮರುವರ್ಷ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಬಂತು.

ಹಾಗಾಗಿ ಹೊಸ ರಕ್ತದ ಸಮೀಕ್ಷೆ ಎಷ್ಟೇ ನಿಖರವಾಗಿರಲಿ, ಜಿಲ್ಲೆವಾರು ಲೆಕ್ಕ ಕೊಡದಿದ್ದರೆ ನಮಗೆ ಅರ್ಧ ಉಪಯೋಗ. ಎನ್‌ಎಫ್‌ಎಚ್‌ಎಸ್‌ನಲ್ಲಿ ಜಿಲ್ಲೆವಾರು ಅಂಕಿ ಸಿಗಲು ಶುರುವಾದದ್ದೇ 2015–16ರ ಸುತ್ತಿನಿಂದ. ಅದಕ್ಕೂ ಮುಂಚೆ ಹತ್ತು ವರ್ಷ ಎನ್‌ಎಫ್‌ಎಚ್‌ಎಸ್ ನಡೆದೇ ಇರಲಿಲ್ಲ. ಅಂಥ ಗ್ಯಾಪು ಮತ್ತೆ ಬೇಡ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯವರಿಗೆ ಐದನೇ ಸುತ್ತಿನಲ್ಲಿ ತಮ್ಮದೇ ಲೆಕ್ಕ ಇಲ್ಲ, ಬಳ್ಳಾರಿಯೊಳಗೇ ಸೇರಿದೆ. ಅವರಿಗೂ ಮೊದಲ ಸಲ ತಮ್ಮ ಅಂಕಿ ಸಿಗಲಿ.

ನಮ್ಮ ನಾಡಿಗೆ ಇದೆಲ್ಲ ಹೊಸದೂ ಅಲ್ಲ. 1951–52ರಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದ ಹಳ್ಳಿಗಳಲ್ಲಿ, ಬೆಂಗಳೂರು ನಗರದಲ್ಲಿ ಮನೆಮನೆಗೆ ಹೋಗಿ ಜನಸಂಖ್ಯಾ ಸಮೀಕ್ಷೆ ನಡೆಸಿದ್ದವು. ಹೆಂಗಸರನ್ನು ಎಷ್ಟು ಮಕ್ಕಳು ಬೇಕು ಅಂತ ಆಗಲೇ ಕೇಳಿದ್ದರು. ಆಗ ಹೊರಗಿನ ಪರಿಣತರ ಕೈ ಬೇಕಿತ್ತು. ಎನ್‌ಎಫ್‌ಎಚ್‌ಎಸ್‌ಗೂ ಬಹಳ ಕಾಲ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯ ದುಡ್ಡು, ತಾಂತ್ರಿಕ ಸಹಾಯ ಇತ್ತು. 2025ರಲ್ಲಿ ಅಮೆರಿಕ, ಬೇರೆ ಬೇರೆ ದೇಶಗಳ ಇಂಥ ಸಮೀಕ್ಷೆಗಳಿಗೆ ನೆರವಾಗುತ್ತಿದ್ದ ತನ್ನ ಜಾಗತಿಕ ಕಾರ್ಯಕ್ರಮವನ್ನೇ ನಿಲ್ಲಿಸಿತು. ಎಷ್ಟೋ ಬಡ ದೇಶಗಳು ತಮ್ಮ ಮಕ್ಕಳ ಸಾವಿನ ಲೆಕ್ಕಕ್ಕೇ ಪರದಾಡುತ್ತಿವೆ. ನಮಗೆ ಐಐಪಿಎಸ್ ಇದೆ, ಸಂಶೋಧನಾ ಕೇಂದ್ರಗಳಿವೆ, ದುಡ್ಡೂ ಇದೆ. ನೆಪ ಹೇಳುವ ಹಾಗಿಲ್ಲ.

ನನ್ನ ಕೋರಿಕೆ ಇಷ್ಟು. ಮುಂದಿನ ಸುತ್ತಿನಲ್ಲಿ ರಕ್ತಪರೀಕ್ಷೆ ವಾಪಸ್ ಬರಲಿ, ಒಂದಿಷ್ಟು ಮನೆಗಳಲ್ಲಿ ಎರಡೂ ವಿಧಾನದಲ್ಲಿ ತೆಗೆದು ಆ ವ್ಯತ್ಯಾಸವನ್ನು ಪ್ರಕಟಿಸಿ. ವರದಿ, ಮೂಲ ಡೇಟಾ ಎರಡೂ ಹೊರಬರುವ ದಿನವನ್ನು ಫೀಲ್ಡ್‌ವರ್ಕ್ ಶುರುವಾಗುವ ಮೊದಲೇ ಹೇಳಿಬಿಡಿ, ಅಂಕಿ ನೋಡಿಕೊಂಡು ದಿನ ನಿಗದಿ ಮಾಡುವುದು ಬೇಡ. ಯಾವುದಾದರೂ ಪ್ರಶ್ನೆ ತೆಗೆಯಬೇಕೆನಿಸಿದರೆ ಕರಡು ಪ್ರಶ್ನಾವಳಿಯನ್ನು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಹಾಕಿ ಆಕ್ಷೇಪಣೆ ಕರೆಯಿರಿ. ಜಿಲ್ಲಾ ವರದಿ ಕನ್ನಡದಲ್ಲಿ ಬಂದದ್ದನ್ನು ನಾನಂತೂ ನೋಡಿಲ್ಲ. ಎರಡು ಹಾಳೆಯ ಕನ್ನಡ ವರದಿ ಮಾಡಿ, ಬೆರಳು ಕೊಟ್ಟ ಹೆಂಗಸರ ಊರಿನ ಗ್ರಾಮಸಭೆಯಲ್ಲಿ ಓದಿಸಿ. ಇದಕ್ಕೆ ಕೇಂದ್ರ ಕಾಯಬೇಕಿಲ್ಲ, ರಾಜ್ಯ ಸರ್ಕಾರವೇ ನಾಳೆ ಮಾಡಬಹುದು.

ಟ್ರೈನಿಂಗ್ ಶುರುವಾದಾಗ ಹೇಳಿಕಳಿಸಿ. ಹಿಂಡದೆ ರಕ್ತ ತೆಗೆಯುವುದು ಹೇಗೆ, ಅತ್ತೆಯನ್ನು ಅಂಗಳದಿಂದ ಎಬ್ಬಿಸುವುದು ಹೇಗೆ ಅಂತ ಹೇಳಿಕೊಡಲು ಧಾರವಾಡ, ಗದಗ, ಬಾಗಲಕೋಟೆ ಕಡೆ ನಮ್ಮಂಥ ಹಳಬರು ಕೆಲವರು ಇದ್ದೇವೆ. ಬಸ್ ಚಾರ್ಜೂ ಕೊಡಬೇಕಿಲ್ಲ, ಶಕ್ತಿ ಯೋಜನೆ ಇದೆ.

ಇತಿ ನಮಸ್ಕಾರಗಳು,

ಒಬ್ಬ ಮಾಜಿ ಸರ್ವೆ ಸೂಪರ್‌ವೈಸರ್
ಧಾರವಾಡ